ಹಣ ಹೂಡಿ ಹೊರದೇಶದ ಪೌರರಾಗುವುದು ಹೇಗೆ? ಕಲಬುರಗಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ತೆರಿಗೆ ಲೆಕ್ಕ ಬರೆಯುವವನು. ನೆಹರೂ ಗಂಜಿನ ಅಡತ್ ಅಂಗಡಿಯವರು, ದಾಲ್ ಮಿಲ್ಲಿನವರು, ಶಹಾಬಾದ್ ಕಲ್ಲಿನ ವ್ಯಾಪಾರದವರು, ಒಂದಿಬ್ಬರು ಡಾಕ್ಟರು, ಇವರ ರಿಟರ್ನ್ ತುಂಬುವುದು ನನ್ನ ಕೆಲಸ. ಮೊದಲೆಲ್ಲ ಮಾರ್ಚ್ ಬಂತೆಂದರೆ ತೆರಿಗೆ ಎಷ್ಟು ಉಳಿಸಬಹುದು ಅಂತ ಕೇಳುತ್ತಿದ್ದರು. ಈಗ ಚಹಾ ಬರುವ ಮೊದಲೇ ಬೇರೆ ಪ್ರಶ್ನೆ ಬರುತ್ತದೆ: "ಇಷ್ಟು ದುಡ್ಡು ಹಾಕಿದರೆ ಅಮೆರಿಕದ ಸಿಟಿಜನ್ ಮಾಡ್ತಾರಂತಲ್ರೀ, ಖರೇನಾ?" ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ಲೆಕ್ಕ, ಬ್ಯಾಂಕು, ಕಾಗದಪತ್ರ ನನಗೆ ಗೊತ್ತಿರುವ ಜಗತ್ತು. ಈ ನಿಯಮಗಳು ಬೇಗ ಬೇಗ ಬದಲಾಗುತ್ತವೆ. ಹಾಗಾಗಿ ಹಣ ಕಳಿಸುವ ಮುನ್ನ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ನೋಡಿ.

ದುಡ್ಡು ಹಾಕಿದ ಕೂಡಲೇ ಪಾಸ್‌ಪೋರ್ಟ್ ಕೈಗೆ ಬರುತ್ತದಾ?

ಬಹುತೇಕ ದೇಶಗಳಲ್ಲಿ ಬರುವುದಿಲ್ಲ. ನಮ್ಮಲ್ಲಿ ಹೊಲ ಖರೀದಿ ಮಾಡಿದ ದಿನವೇ ಪಹಣಿಯಲ್ಲಿ ಹೆಸರು ಬರುತ್ತದಾ? ರಿಜಿಸ್ಟ್ರಿ ಆಗಬೇಕು, ಮ್ಯುಟೇಶನ್‌ಗೆ ಹೋಗಬೇಕು, ಯಾರೂ ತಕರಾರು ಹಾಕದೆ ದಿನ ಕಳೆಯಬೇಕು. ಇದೂ ಹಾಗೆಯೇ. ಹೂಡಿಕೆಗೆ ಮೊದಲು ಸಿಗುವುದು ಅಲ್ಲಿ ಇರಲು ಪರವಾನಗಿ. ಅದು ಕಾಯಂ ಆಗಲು ಕೆಲವು ವರ್ಷ. ಅಲ್ಲಿಂದ ಪೌರತ್ವದ ಅರ್ಜಿಗೆ ಮತ್ತೆ ಕೆಲವು ವರ್ಷ. ಮೊದಲ ಮೆಟ್ಟಿಲಿಗೆ ಹಣ ನಡೆಯುತ್ತದೆ. ಕೊನೆಯ ಮೆಟ್ಟಿಲಲ್ಲಿ ನೀವು ಎಷ್ಟು ದಿನ ಆ ದೇಶದಲ್ಲಿ ಇದ್ದಿರಿ ಅಂತ ಎಣಿಸುತ್ತಾರೆ. ಏಜೆಂಟರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ಸೀದಾ ಪಾಸ್‌ಪೋರ್ಟನ್ನೇ ಕೊಡುವ ದೇಶಗಳೂ ಇವೆಯಂತೆ?

ಇವೆ. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪಗಳು ಇದಕ್ಕೆ ಹೆಸರುವಾಸಿ. ಸೇಂಟ್ ಕಿಟ್ಸ್ ಮತ್ತು ನೆವಿಸ್ 1984ರಲ್ಲೇ ಶುರು ಮಾಡಿತು. ಡೊಮಿನಿಕಾ 1993ರಲ್ಲಿ. ಆಂಟಿಗುವಾ, ಗ್ರೆನಡಾ, ಸೇಂಟ್ ಲೂಸಿಯಾ ಆಮೇಲೆ ಸೇರಿದವು. ಮೊದಲು ಒಬ್ಬರಿಗಿಂತ ಒಬ್ಬರು ದರ ಇಳಿಸುತ್ತಿದ್ದರು. ಯುರೋಪ್, ಅಮೆರಿಕ ಕಣ್ಣು ಕೆಂಪು ಮಾಡಿದ ಮೇಲೆ, 2024ರಲ್ಲಿ ಯಾರೂ 2 ಲಕ್ಷ ಡಾಲರ್‌ಗಿಂತ ಕೆಳಗೆ ಹೋಗಬಾರದು ಅಂತ ತಮ್ಮಲ್ಲೇ ಒಪ್ಪಂದ ಮಾಡಿಕೊಂಡರು. ಟರ್ಕಿಯಲ್ಲಿ 4 ಲಕ್ಷ ಡಾಲರ್‌ನ ಆಸ್ತಿ ಕೊಂಡು ಮೂರು ವರ್ಷ ಮಾರದೆ ಇಟ್ಟುಕೊಳ್ಳಬೇಕು. 2022ರ ಜೂನ್‌ಗೆ ಮೊದಲು ಅದು ಎರಡೂವರೆ ಲಕ್ಷ ಇತ್ತು.

ನನ್ನ ಅನಿಸಿಕೆ ಹೇಳಲಾ? ಮಕ್ಕಳ ಓದು, ನೌಕರಿ, ಆಸ್ಪತ್ರೆ ಅಂತ ಹೊರಟವರಿಗೆ ಆ ದ್ವೀಪದ ಪಾಸ್‌ಪೋರ್ಟ್‌ನಿಂದ ಏನೂ ಆಗುವುದಿಲ್ಲ. ಅದು ಸುಲಭವಾಗಿ ದೇಶ ಸುತ್ತಲು ಬೇಕಾದವರ ಸರಕು. ಅದೂ ಗ್ಯಾರಂಟಿ ಇಲ್ಲ. ಪೆಸಿಫಿಕ್‌ನ ವನುವಾಟು ದೇಶ ಹೀಗೆ ಪೌರತ್ವ ಮಾರಿದ್ದಕ್ಕೇ ಯುರೋಪ್ ಒಕ್ಕೂಟ ಅವರ ವೀಸಾರಹಿತ ಪ್ರವೇಶವನ್ನು ಕಿತ್ತುಹಾಕಿತು.

ಗ್ರೆನಡಾ ಪಾಸ್‌ಪೋರ್ಟ್ ತಗೊಂಡು ಅಲ್ಲಿಂದ ಅಮೆರಿಕಕ್ಕೆ ಹೋಗಬಹುದು ಅಂತ ಹೈದರಾಬಾದಿನ ಏಜೆಂಟ್ ಹೇಳಿದ...

ಅರ್ಧ ಹಳೆಯ ಸುದ್ದಿ. ಅಮೆರಿಕದ ಇ-2 ಅನ್ನೋ ವ್ಯಾಪಾರಿ ವೀಸಾ ಭಾರತೀಯರಿಗೆ ಇಲ್ಲ, ಏಕೆಂದರೆ ಆ ಒಪ್ಪಂದ ನಮ್ಮ ಜೊತೆ ಇಲ್ಲ. ಗ್ರೆನಡಾ ಜೊತೆ ಇದೆ. ಆದರೆ 2022ರ ಡಿಸೆಂಬರ್‌ನಲ್ಲಿ ಅಮೆರಿಕ ಕಾನೂನು ಬದಲಿಸಿತು: ಹೂಡಿಕೆಯಿಂದ ಪೌರತ್ವ ಪಡೆದವರು ಮೊದಲು ಮೂರು ವರ್ಷ ಆ ದೇಶದಲ್ಲೇ ನೆಲೆಸಿರಬೇಕು. ಇನ್ನೊಂದು ಮಾತು. ಇ-2 ಎಷ್ಟು ವರ್ಷ ಇದ್ದರೂ ತಾನಾಗಿ ಗ್ರೀನ್ ಕಾರ್ಡ್, ಅಂದರೆ ಅಲ್ಲಿನ ಕಾಯಂ ವಾಸದ ಪರವಾನಗಿ, ಆಗುವುದಿಲ್ಲ.

ಅಮೆರಿಕಕ್ಕೆ ಸರಿಯಾದ ದಾರಿ ಯಾವುದು? ಎಷ್ಟು ಹಣ?

ಅದರ ಹೆಸರು ಇಬಿ-5. 1990ರಲ್ಲಿ ಅಮೆರಿಕದ ಸಂಸತ್ತು ಮಾಡಿದ ವೀಸಾ ವರ್ಗ. 2022ರ ಮಾರ್ಚ್‌ನಲ್ಲಿ ಹೊಸ ಕಾನೂನು ಬಂದ ಮೇಲೆ ಕನಿಷ್ಠ ಹೂಡಿಕೆ 10,50,000 ಡಾಲರ್. ಹಳ್ಳಿಗಾಡು ಪ್ರದೇಶ, ನಿರುದ್ಯೋಗ ಜಾಸ್ತಿ ಇರುವ ಪ್ರದೇಶ ಅಥವಾ ಸರ್ಕಾರಿ ಮೂಲಸೌಕರ್ಯ ಯೋಜನೆಗೆ ಹಾಕಿದರೆ 8,00,000 ಡಾಲರ್. ಈ 8 ಲಕ್ಷ ಅಂದರೆ ರೂಪಾಯಿಯಲ್ಲಿ ಏಳು ಕೋಟಿಗೂ ಮೇಲೆ. ಯೋಜನೆಯವರ ಆಡಳಿತ ಶುಲ್ಕ, ವಕೀಲರ ಫೀ ಬೇರೆ. ನಿಮ್ಮ ಹಣದಿಂದ ಅಲ್ಲಿ ಹತ್ತು ಜನರಿಗೆ ಪೂರ್ಣ ಕಾಲದ ಕೆಲಸ ಹುಟ್ಟಬೇಕು. ಸ್ವಂತ ವ್ಯಾಪಾರವನ್ನೂ ಮಾಡಬಹುದು. ಹೆಚ್ಚಿನವರು ರೀಜನಲ್ ಸೆಂಟರ್ ಅನ್ನೋ ಮಾನ್ಯತೆ ಪಡೆದ ಸಂಸ್ಥೆಯ ಯೋಜನೆಗೆ ಹಾಕುತ್ತಾರೆ. ಅಲ್ಲಿ ಕೆಲಸದ ಲೆಕ್ಕ ತೋರಿಸುವುದು ಸುಲಭ.

ಅರ್ಜಿ ಪಾಸಾದರೆ ಗಂಡ, ಹೆಂಡತಿ, 21ರೊಳಗಿನ ಮದುವೆಯಾಗದ ಮಕ್ಕಳು, ಎಲ್ಲರಿಗೂ ಗ್ರೀನ್ ಕಾರ್ಡ್. ಆದರೆ ಎರಡು ವರ್ಷಕ್ಕೆ ಮಾತ್ರ, ಷರತ್ತಿನ ಮೇಲೆ. ಆ ಎರಡು ವರ್ಷ ಮುಗಿಯುವ ಕೊನೆಯ 90 ದಿನದಲ್ಲಿ ಇನ್ನೊಂದು ಅರ್ಜಿ ಹಾಕಿ, ಹಣ ಹಾಕಿದ್ದು ನಿಜ, ಕೆಲಸ ಹುಟ್ಟಿದ್ದು ನಿಜ ಅಂತ ತೋರಿಸಬೇಕು. ಆಗ ಷರತ್ತು ತೆಗೆಯುತ್ತಾರೆ. ಮೊದಲ ಗ್ರೀನ್ ಕಾರ್ಡ್ ಸಿಕ್ಕ ದಿನದಿಂದ ಐದು ವರ್ಷವಾದ ಮೇಲೆ ಪೌರತ್ವಕ್ಕೆ ಅರ್ಜಿ. ಷರತ್ತಿನ ಎರಡು ವರ್ಷವೂ ಈ ಐದರಲ್ಲಿ ಸೇರುತ್ತದೆ, ಅಷ್ಟು ಸಮಾಧಾನ.

ಸರದಿಯ ಕಥೆಯೂ ಇದೆ. ಒಂದು ದೇಶಕ್ಕೆ ಇಷ್ಟೇ ಅಂತ ಮಿತಿ ಇರುವುದರಿಂದ ಭಾರತೀಯರಿಗೆ ಸಾಮಾನ್ಯ ಸಾಲಿನಲ್ಲಿ ವರ್ಷಗಟ್ಟಲೆ ಕಾಯುವ ಪಾಳಿ ಇದೆ. ಹೊಸ ಕಾನೂನು ಹಳ್ಳಿಗಾಡಿಗೆ ನೂರಕ್ಕೆ 20, ನಿರುದ್ಯೋಗದ ಪ್ರದೇಶಕ್ಕೆ 10, ಮೂಲಸೌಕರ್ಯಕ್ಕೆ 2 ವೀಸಾ ಮೀಸಲಿಟ್ಟಿದೆ. ನಮ್ಮವರು ಈ ಮೀಸಲು ಸಾಲನ್ನೇ ಹಿಡಿಯುವುದು ಅದಕ್ಕೇ.

2025ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದ 'ಗೋಲ್ಡ್ ಕಾರ್ಡ್' ಬಗ್ಗೆಯೂ ಕೇಳುತ್ತಾರೆ. ಅದೂ ಅಮೆರಿಕದ ಕಾಯಂ ವಾಸಕ್ಕೆ ಒಂದು ದಾರಿ, ಆದರೆ 10 ಲಕ್ಷ ಡಾಲರನ್ನು ಅಮೆರಿಕ ಸರ್ಕಾರಕ್ಕೆ ಕಾಣಿಕೆ ಕೊಡಬೇಕು. ಕಾಣಿಕೆ ಅಂದರೆ ಕಾಣಿಕೆಯೇ. ಹುಂಡಿಗೆ ಹಾಕಿದ ಹಾಗೆ, ವಾಪಸ್ ಬರುವುದಿಲ್ಲ.

ನನ್ನ ಮಗ ಆಗಲೇ ಅಮೆರಿಕದಲ್ಲಿ ಎಚ್-1ಬಿ ನೌಕರಿ ವೀಸಾ ಮೇಲೆ ಇದ್ದಾನೆ. ಅವನ ಹೆಸರಲ್ಲಿ ನಾನು ಹಣ ಹಾಕಬಹುದಾ?

ಕಲಬುರಗಿಯಿಂದ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಇದೇ ಹೆಚ್ಚು ಅರ್ಥವಿರುವ ಪ್ರಶ್ನೆಯೂ ಹೌದು. ಇಲ್ಲಿನ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಲ್ಲಿ ಎಂಎಸ್ ಮಾಡಿ, ನೌಕರಿಯ ಗ್ರೀನ್ ಕಾರ್ಡ್ ಪಾಳಿಯಲ್ಲಿ ನಿಂತ ಹುಡುಗರು ನಮ್ಮ ಊರಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಕಂಪನಿ ಕೆಲಸದಿಂದ ತೆಗೆದರೆ 60 ದಿನದಲ್ಲಿ ಬೇರೆ ದಾರಿ ನೋಡಬೇಕು. ಅಪ್ಪ-ಅವ್ವನಿಗೆ ಇಲ್ಲಿ ನಿದ್ದೆ ಇಲ್ಲ.

ಹೂಡಿಕೆ ಮಗನ ಹೆಸರಲ್ಲಿ ಆಗುತ್ತದೆ, ಹಣ ನೀವು ಉಡುಗೊರೆಯಾಗಿ ಕೊಡುತ್ತೀರಿ. ಇದಕ್ಕೆ ಅಡ್ಡಿ ಇಲ್ಲ. ಗಿಫ್ಟ್ ಡೀಡ್ ಬರೆಯಿರಿ. ನಮ್ಮ ದೇಶದಲ್ಲಿ ಮಗನಿಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಆದರೆ ಹಣದ ಮೂಲದ ಪುರಾವೆ ನಿಮ್ಮಿಂದಲೂ ಕೇಳುತ್ತಾರೆ. ಕೊಟ್ಟವರು ಎಲ್ಲಿಂದ ತಂದರು ಅಂತ ತಿಳಿಯದೆ ಅವರು ಬಿಡುವುದಿಲ್ಲ. ಅಲ್ಲಿ ತೆರಿಗೆ ಕಟ್ಟುವ ಮಗ, ಹೊರದೇಶದಿಂದ ವರ್ಷಕ್ಕೆ 1 ಲಕ್ಷ ಡಾಲರ್ ಮೀರಿ ಉಡುಗೊರೆ ಬಂದರೆ 3520 ಅನ್ನೋ ಫಾರಂ ತುಂಬಬೇಕು. ತೆರಿಗೆ ಏನೂ ಬರುವುದಿಲ್ಲ. ತುಂಬದಿದ್ದರೆ ದಂಡ ಮಾತ್ರ ಜೋರು. ಇದನ್ನು ಮರೆಯುವವರೇ ಬಹಳ.

ಇನ್ನೊಂದು ಅನುಕೂಲ: ಮೀಸಲು ಸಾಲಿನಲ್ಲಿ ಪಾಳಿ ಇಲ್ಲದ ಹೊತ್ತಿನಲ್ಲಿ, ಅಲ್ಲೇ ಇರುವವನು ಹೂಡಿಕೆ ಅರ್ಜಿಯನ್ನೂ ಗ್ರೀನ್ ಕಾರ್ಡ್ ಅರ್ಜಿಯನ್ನೂ ಒಟ್ಟಿಗೇ ಹಾಕಬಹುದು. ತೀರ್ಪು ಬರುವವರೆಗೆ ಕೆಲಸದ ಪರವಾನಗಿ ಕೇಳಬಹುದು. ನೌಕರಿಯ ಹಗ್ಗ ಕುತ್ತಿಗೆಗೆ ಬಿಗಿಯುವುದು ಅಷ್ಟು ತಪ್ಪುತ್ತದೆ.

ಇಲ್ಲಿಂದ ಅಷ್ಟು ದೊಡ್ಡ ಮೊತ್ತ ಕಳಿಸುವುದು ಹೇಗೆ?

ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಇಲ್ಲಿ ವಾಸವಿರುವವರು ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ನಿಯಮದ ಪ್ರಕಾರ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ಕಳಿಸಬಹುದು. ವರ್ಷ ಎಂದರೆ ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಅಪ್ಪ ಎರಡೂವರೆ, ಅವ್ವ ಎರಡೂವರೆ ಮಾರ್ಚ್ ಕೊನೆಗೆ ಕಳಿಸಿ, ಏಪ್ರಿಲ್ ಮೊದಲ ವಾರ ಇನ್ನೊಮ್ಮೆ ಅಷ್ಟೇ ಕಳಿಸಿದರೆ 10 ಲಕ್ಷ ಡಾಲರ್ ಆಯಿತು. ಕಾನೂನಿನೊಳಗೇ ಇರುವ ಲೆಕ್ಕ ಇದು. ಪ್ಯಾನ್ ಬೇಕು. ಬ್ಯಾಂಕಿನಲ್ಲಿ ಹೊರದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಬೇಕು. ಅವ್ವನ ಖಾತೆಯಿಂದ ಹೋಗುವುದು ಅವ್ವನ ಹಣವೇ ಅಂತ ತೋರಿಸುವಷ್ಟು ಕಾಗದ ಇರಬೇಕು. ಹಿಂದಿನ ವಾರ ಅಪ್ಪನ ಖಾತೆಯಿಂದ ಹಾರಿ ಬಂದ ಹಣವಾದರೆ ಅದಕ್ಕೂ ಒಂದು ಗಿಫ್ಟ್ ಡೀಡ್ ಮಾಡಿಟ್ಟುಕೊಳ್ಳಿ.

ಇಲ್ಲೇ ಇರುವ ಗಂಡ ಹೆಂಡತಿ ತಾವೇ ಹೂಡುವುದಾದರೆ ಲೆಕ್ಕ ಸ್ವಲ್ಪ ಬೇರೆ. ಹೊರಗಿನ ಖಾತೆಯಲ್ಲಿ ಅಥವಾ ಹೂಡಿಕೆಯಲ್ಲಿ ಪಾಲುದಾರರಲ್ಲದವರ ಮಿತಿಯನ್ನು ಸೇರಿಸಿ ಕಳಿಸುವಂತಿಲ್ಲ. ಕಾಕಾನ ಮಿತಿ, ಮಾಮಾನ ಮಿತಿ ಅಂತ ಕೂಡಿಸುವುದು ನಡೆಯುವುದಿಲ್ಲ.

ಇನ್ನು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ನೂರಕ್ಕೆ 20 ಹಿಡಿಯುತ್ತದೆ. 2 ಕೋಟಿ 20 ಲಕ್ಷ ಕಳಿಸಿದರೆ 42 ಲಕ್ಷ ಹೆಚ್ಚುವರಿ ನಿಮ್ಮ ಖಾತೆಯಲ್ಲಿ ಇರಬೇಕು. ಇದು ತೆರಿಗೆಯ ಮುಂಗಡ ಇದ್ದ ಹಾಗೆ. ರಿಟರ್ನ್ ತುಂಬಿದಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ಉಳಿದದ್ದು ವಾಪಸ್ ಬರುತ್ತದೆ. ಆದರೆ ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತದೆ. ನಾನೇ ಒಮ್ಮೆ ಒಬ್ಬ ಗಿರಾಕಿಗೆ ಇದನ್ನು ಹೇಳಲು ಮರೆತೆ. ಅವರು ಕಳಿಸಬೇಕಾದಷ್ಟೇ ಹಣ ಹೊಂದಿಸಿಕೊಂಡು ಮಾರ್ಚ್ 28ಕ್ಕೆ ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿ ಹಣ ಸಾಲದು ಅಂದರು. ಆ ವರ್ಷದ ಮಿತಿ ಕೈತಪ್ಪಿತು. ಅವರು ಈಗಲೂ ಎದುರು ಸಿಕ್ಕರೆ ಅದನ್ನೇ ನೆನಪಿಸುತ್ತಾರೆ.

ಮನೆ ಅಡವಿಟ್ಟು ಬ್ಯಾಂಕ್ ಸಾಲ ತೆಗೆದು ಹೂಡಬಹುದಾ?

ಎಲ್‌ಆರ್‌ಎಸ್ ಅಡಿ ಹೊರದೇಶದ ಹೂಡಿಕೆಗೆ ಕಳಿಸಲು ಬ್ಯಾಂಕುಗಳು ಸಾಲ ಕೊಡುವಂತಿಲ್ಲ.

ಹವಾಲಾ ಮೂಲಕ?

ಕೇಳಲೇಬೇಡಿ. ಜೈಲಿನ ಮಾತು ಬಿಡಿ, ಆ ಹಣ ಅಲ್ಲಿಗೆ ಹೋದರೂ ಅರ್ಜಿಗೆ ಉಪಯೋಗವಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಹೆಜ್ಜೆ ಗುರುತು ಇಲ್ಲದ ಹಣವನ್ನು ಯಾವ ವೀಸಾ ಅಧಿಕಾರಿಯೂ ಒಪ್ಪುವುದಿಲ್ಲ.

ಹಣದ ಮೂಲ ತೋರಿಸುವುದು ಅಂದರೆ ಏನೇನು?

ಕೂತು ಓದಿ, ಇದು ಉದ್ದ ಇದೆ. ನಮ್ಮ ಭಾಗದವರು ಸೋಲುವುದು ಇಲ್ಲೇ. ಹಣ ಇರುತ್ತದೆ, ಕಾಗದ ಇರುವುದಿಲ್ಲ.

ಸೇಡಂ ರಸ್ತೆಯ ಒಂದು ಎನ್‌ಎ (ಕೃಷಿಯೇತರ) ಪ್ಲಾಟ್ ಮಾರಿದಿರಿ ಅಂತಿಟ್ಟುಕೊಳ್ಳಿ. ಖರೀದಿ ಪತ್ರದಲ್ಲಿ ಸರ್ಕಾರಿ ದರ 60 ಲಕ್ಷ, ಕೈಗೆ ಬಂದದ್ದು ಒಂದೂವರೆ ಕೋಟಿ. ಆ 90 ಲಕ್ಷ ನಿಮ್ಮ ಬೀರುವಿನಲ್ಲಿ ನಿಜವಾಗಿ ಇದೆ, ಆದರೆ ವೀಸಾ ಅಧಿಕಾರಿಯ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಮೇಲಾಗಿ ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮೀರಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಹಾಕಲು ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇದೆ. ಐದು ವರ್ಷದಲ್ಲಿ ಹೂಡಿಕೆಗೆ ಹೋಗುವ ಆಲೋಚನೆ ಇದ್ದರೆ ಇವತ್ತಿನಿಂದಲೇ ಪೂರ್ತಿ ಬಿಳಿಯಲ್ಲಿ ವ್ಯವಹಾರ ಮಾಡಿ. ಸ್ಟಾಂಪ್ ಶುಲ್ಕ ಜಾಸ್ತಿ ಹೋಗುತ್ತದೆ, ಹೋಗಲಿ.

ಹೊಲದ ಆದಾಯ ಇನ್ನೊಂದು ತಲೆನೋವು. ತೊಗರಿಗೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಯಾರೂ ಲೆಕ್ಕ ಇಡುವುದಿಲ್ಲ. ಆದರೆ 'ಹತ್ತು ವರ್ಷದ ತೊಗರಿ ದುಡ್ಡು' ಅಂತ ಬಾಯಲ್ಲಿ ಹೇಳಿದರೆ ಅಮೆರಿಕದಲ್ಲಿ ಕೂತವರಿಗೆ ಏನು ತಿಳಿಯಬೇಕು? ಪಹಣಿಯಲ್ಲಿ ಬೆಳೆ ಕಾಲಂ ನೋಡಿ, ತೊಗರಿ ಅಂತ ಇರಬೇಕು. ಅಡತ್ ಅಂಗಡಿಯ ಪಟ್ಟಿ ತೆಗೆದಿಡಿ. ಹಣ ಖಾತೆಗೆ ಹಾಕಿಸಿಕೊಳ್ಳಿ. ರಿಟರ್ನ್‌ನಲ್ಲಿ ಕೃಷಿ ಆದಾಯದ ಕಾಲಂ ಖಾಲಿ ಬಿಡಬೇಡಿ.

ಪಿತ್ರಾರ್ಜಿತ ಆಸ್ತಿಯಾದರೆ ಇನ್ನೂ ಹಿಂದೆ ಹೋಗಬೇಕು. ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿ ಇತ್ತಲ್ಲ, ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿ ಇರುತ್ತದೆ. ಅದನ್ನು ಇಂಗ್ಲಿಷಿಗೆ ಮಾಡಿಸಬೇಕು, ಅನುವಾದಕರ ಸಹಿ ಬೇಕು. ಆ ಹಳೆಯ ಕಚೇರಿ ಉರ್ದು ಓದಬಲ್ಲ ಹಿರಿಯರು ಊರಲ್ಲಿ ಕೈಬೆರಳೆಣಿಕೆಯಷ್ಟು. ಇದ್ದಾಗಲೇ ಮಾಡಿಸಿಕೊಳ್ಳಿ. ಅಣ್ಣ-ತಮ್ಮಂದಿರ ಪಾಲುಪಟ್ಟಿ ಬಾಯಿಮಾತಿನಲ್ಲಿ ಆಗಿದ್ದರೆ ಅದನ್ನೂ ನೋಂದಣಿ ಮಾಡಿಸಿ. ಅಕ್ಕ-ತಂಗಿಯರ ಸಹಿ ಬಿಟ್ಟಿದ್ದರೆ ಮೊದಲು ಅವರ ಮನೆಗೆ ಹೋಗಿ ಬನ್ನಿ.

ಪತ್ರಗಳಲ್ಲಿ ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆ. ತೊಂದರೆ ಆಗುತ್ತದಾ?

ಆಗುತ್ತದೆ. ಪಹಣಿಯಲ್ಲಿ 'ಶರಣಬಸಪ್ಪ ತಂದೆ ಮಲ್ಲಪ್ಪ', ಆಧಾರಿನಲ್ಲಿ ಅಡ್ಡಹೆಸರು ಸಮೇತ, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅದೇ ಹೆಸರಿಗೆ ಇನ್ನೊಂದು ಇಂಗ್ಲಿಷ್ ಸ್ಪೆಲ್ಲಿಂಗ್. ನಮಗೆ ಒಬ್ಬನೇ ಮನುಷ್ಯ, ಅವರಿಗೆ ಮೂವರು. ಊರಿನ ಹೆಸರೂ ಹಾಗೆ. 2014ರ ನವೆಂಬರ್ 1ಕ್ಕೆ ಮೊದಲಿನ ಜನನ ಪತ್ರದಲ್ಲಿ ಗುಲ್ಬರ್ಗಾ, ಹೊಸ ಪಾಸ್‌ಪೋರ್ಟಿನಲ್ಲಿ ಕಲಬುರಗಿ. ಯಾದಗಿರಿಯವರಿಗೆ ಜಿಲ್ಲೆಯೇ ಬೇರೆ ಆಗುತ್ತದೆ, ಅದು ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಒಂದು ಅಫಿಡವಿಟ್ ಮಾಡಿಸಿ, ಜೊತೆಗೆ ಹೆಸರು ಬದಲಾದ ಸರ್ಕಾರಿ ಆದೇಶದ ಪ್ರತಿ ಇಡಿ. ಮನೆಯಲ್ಲೇ ಹುಟ್ಟಿ ಜನನ ಪತ್ರವೇ ಇಲ್ಲದ ಹಿರಿಯರು ನೋಂದಣಿ ಇಲ್ಲ ಎಂಬ ಪತ್ರ ತೆಗೆಸಿ, ಶಾಲೆಯ ದಾಖಲೆ ಸೇರಿಸಬೇಕಾಗುತ್ತದೆ.

ಹಾಕಿದ ಹಣ ವಾಪಸ್ ಬರುವುದು ಗ್ಯಾರಂಟಿ ಅಂತ ಏಜೆಂಟ್ ಬರೆದುಕೊಡುತ್ತಾನಂತೆ.

ಬರೆದುಕೊಟ್ಟರೆ ಓಡಿಹೋಗಿ. ಇಬಿ-5ರಲ್ಲಿ ಹಣ ನಷ್ಟದ ಅಪಾಯಕ್ಕೆ ಒಡ್ಡಿರಲೇಬೇಕು ಅಂತ ನಿಯಮ. ಗ್ಯಾರಂಟಿ ಇರುವ ಹೂಡಿಕೆ ಎಂದು ಗೊತ್ತಾದರೆ ಅರ್ಜಿಯೇ ಬಿದ್ದುಹೋಗುತ್ತದೆ. ಮೋಸ ಅಲ್ಲೂ ಇದೆ. ವರ್ಮಾಂಟ್ ರಾಜ್ಯದ ಜೇ ಪೀಕ್ ಎಂಬ ಹಿಮಕ್ರೀಡೆಯ ರೆಸಾರ್ಟ್ ಯೋಜನೆಗೆ ಹಲವು ದೇಶಗಳ ಜನ ಇಬಿ-5 ಹಣ ಹಾಕಿದ್ದರು. 2016ರಲ್ಲಿ ಅಲ್ಲಿನ ಷೇರು ನಿಯಂತ್ರಕರು ಹಣ ದುರುಪಯೋಗದ ಮೊಕದ್ದಮೆ ಹೂಡಿದರು. ಆಮೇಲೆ ಅದರ ಹಿಂದಿದ್ದವರಿಗೆ ಜೈಲೂ ಆಯಿತು. ಅಮೆರಿಕದ ವಲಸೆ ವಿಷಯದಲ್ಲಿ ಕಾನೂನು ಸಲಹೆ ಕೊಡಲು ಅಲ್ಲಿನ ವಕೀಲರಿಗೆ ಅಥವಾ ಸರ್ಕಾರ ಮಾನ್ಯ ಮಾಡಿದ ಪ್ರತಿನಿಧಿಗಳಿಗೆ ಮಾತ್ರ ಅಧಿಕಾರ. ಯೋಜನೆ ಮಾರುವವನ ವಕೀಲನೇ ನಿಮ್ಮ ವಕೀಲನೂ ಆಗಿದ್ದರೆ, ನಿಮ್ಮ ಪರ ಯಾರೂ ಇಲ್ಲ ಅಂತ ತಿಳಿಯಿರಿ. ಬೇರೆಯವರನ್ನು ಹಿಡಿಯಿರಿ, ಹಣ ಹೋದರೂ.

ಹಣ ಹಾಕಿ, ವರ್ಷಕ್ಕೊಮ್ಮೆ ಹೋಗಿ ಬಂದು, ಉಳಿದ ದಿನ ಗಂಜಿನಲ್ಲೇ ವ್ಯಾಪಾರ ನೋಡಿಕೊಂಡಿದ್ದರೆ?

ವೀಸಾ ಉಳಿಯಬಹುದು, ಪೌರತ್ವ ಸಿಗುವುದಿಲ್ಲ. ನ್ಯೂಜಿಲೆಂಡ್ ನೋಡಿ. 2025ರ ಏಪ್ರಿಲ್‌ನಿಂದ ಅಲ್ಲಿ ಹೂಡಿಕೆದಾರರ ವೀಸಾ ಸಲೀಸಾಗಿದೆ. 50 ಲಕ್ಷ ನ್ಯೂಜಿಲೆಂಡ್ ಡಾಲರ್ ಮೂರು ವರ್ಷಕ್ಕೆ ಹೂಡಿದವರು ಆ ಮೂರು ವರ್ಷದಲ್ಲಿ 21 ದಿನ ಅಲ್ಲಿದ್ದರೆ ಸಾಕು. ಪೌರತ್ವ ಬೇಕೆಂದರೆ? ಐದು ವರ್ಷದಲ್ಲಿ 1,350 ದಿನ, ಅದರಲ್ಲೂ ಪ್ರತಿ ವರ್ಷ ಕನಿಷ್ಠ 240 ದಿನ. 21 ಎಲ್ಲಿ, 1,350 ಎಲ್ಲಿ!

ಅಮೆರಿಕದಲ್ಲಿ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಲ್ಲಿ ಕಾಲೂರಿರಬೇಕು. ಒಂದೇ ಸಲ ಆರು ತಿಂಗಳು ಮೀರಿ ಹೊರಗಿದ್ದರೆ ಪ್ರಶ್ನೆ ಏಳುತ್ತದೆ. ವರ್ಷ ಮೀರಿದರೆ ಎಣಿಕೆ ಕಡಿದುಹೋಗುತ್ತದೆ, ಗ್ರೀನ್ ಕಾರ್ಡಿಗೂ ಕುತ್ತು. ಕೆನಡಾದಲ್ಲಿ ಐದು ವರ್ಷದಲ್ಲಿ 1,095 ದಿನ. ಮನೆಯಲ್ಲಿ ಗಂಡ ಇಲ್ಲಿ ವ್ಯಾಪಾರ ನೋಡಿಕೊಂಡು, ಹೆಂಡತಿ ಮಕ್ಕಳು ಅಲ್ಲಿ ಇರುವ ಕುಟುಂಬಗಳಲ್ಲಿ ಏನಾಗುತ್ತದೆ ಅಂದರೆ, ಹಣ ಹಾಕಿದ ಯಜಮಾನರನ್ನು ಬಿಟ್ಟು ಉಳಿದವರೆಲ್ಲ ಪೌರರಾಗುತ್ತಾರೆ. ಅವರವರ ದಿನ ಅವರವರಿಗೆ.

ಹೋದ ದಿನ, ಬಂದ ದಿನ ಒಂದು ಡೈರಿಯಲ್ಲಿ ಬರೆದಿಡಿ. ಈಗೀಗ ಪಾಸ್‌ಪೋರ್ಟಿಗೆ ಎಲ್ಲ ಕಡೆ ಮುದ್ರೆ ಒತ್ತುವುದಿಲ್ಲ.

ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಹೂಡಿಕೆ ವೀಸಾ ಈಗಲೂ ಇದೆಯಾ?

ಹಳೆಯ ಅಂಗಡಿಗಳು ಮುಚ್ಚಿವೆ. ಕೆನಡಾದ ಕೇಂದ್ರ ಸರ್ಕಾರದ ಯೋಜನೆ 2014ರಲ್ಲಿ ನಿಂತಿತು. ಕ್ವಿಬೆಕ್ ಪ್ರಾಂತ್ಯ ತನ್ನದನ್ನು 2024ರಲ್ಲಿ ಮತ್ತೆ ತೆರೆಯಿತು, ಆದರೆ ಫ್ರೆಂಚ್ ಬರಬೇಕು. ಇಂಗ್ಲೆಂಡಿನ 20 ಲಕ್ಷ ಪೌಂಡಿನ ವೀಸಾ 2022ರ ಫೆಬ್ರವರಿ 17ರಂದು ಒಂದೇ ದಿನದಲ್ಲಿ ಬಾಗಿಲು ಹಾಕಿತು. ಆಸ್ಟ್ರೇಲಿಯಾದ್ದು 2024ರ ಜುಲೈಗೆ ಮುಗಿಯಿತು. ಮುಚ್ಚಿದ ಯೋಜನೆಗಳ ಹೆಸರು ಹೇಳಿ ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ.

ಯುರೋಪಿನ ಗೋಲ್ಡನ್ ವೀಸಾ?

ಗೋಲ್ಡನ್ ವೀಸಾ ಅಂದರೆ ಹಣ ಹೂಡಿದವರಿಗೆ ಕೊಡುವ ವಾಸದ ಪರವಾನಗಿ. ಅಲ್ಲೂ ಗಾಳಿ ತಿರುಗಿದೆ. ಸೈಪ್ರಸ್ 2020ರಲ್ಲಿ ಪೌರತ್ವ ಮಾರುವುದನ್ನು ಬಿಟ್ಟಿತು. ಮಾಲ್ಟಾ ಹಠ ಹಿಡಿದಿತ್ತು. 2025ರ ಏಪ್ರಿಲ್ 29ರಂದು ಯುರೋಪ್ ಒಕ್ಕೂಟದ ನ್ಯಾಯಾಲಯ ಪೌರತ್ವವನ್ನು ಹೀಗೆ ವ್ಯಾಪಾರದ ಸರಕು ಮಾಡುವಂತಿಲ್ಲ ಎಂದಿತು. ಸ್ಪೇನ್ ಅದೇ ತಿಂಗಳು ತನ್ನ ಗೋಲ್ಡನ್ ವೀಸಾ ನಿಲ್ಲಿಸಿತು. ಗ್ರೀಸ್‌ನಲ್ಲಿ ಇದೆ. ಅಥೆನ್ಸ್‌ನಂಥ ಕಡೆ 8 ಲಕ್ಷ ಯೂರೋದ ಆಸ್ತಿ ಕೊಳ್ಳಬೇಕು. ಪೌರತ್ವಕ್ಕೆ ಮಾತ್ರ ಏಳು ವರ್ಷ ಅಲ್ಲಿ ವಾಸ ಮತ್ತು ಗ್ರೀಕ್ ಭಾಷೆಯ ಪರೀಕ್ಷೆ.

ಪೋರ್ಚುಗಲ್ ಒಂದೇ ನಿಜವಾದ ಅಪವಾದ ಆಗಿತ್ತು. ವರ್ಷಕ್ಕೆ ಸರಾಸರಿ ಏಳು ದಿನ ಇದ್ದು, ಐದು ವರ್ಷಕ್ಕೆ ಪೌರತ್ವ ಕೇಳಬಹುದಿತ್ತು. 2023ರಲ್ಲಿ ಮನೆ ಕೊಳ್ಳುವ ದಾರಿ ಮುಚ್ಚಿದರು, 5 ಲಕ್ಷ ಯೂರೋ ಹೂಡಿಕೆ ನಿಧಿಗೆ (ಫಂಡ್) ಹಾಕುವ ದಾರಿ ಉಳಿಸಿದರು. 2025ರ ಅಕ್ಟೋಬರ್‌ನಲ್ಲಿ ನಮ್ಮಂಥವರಿಗೆ ಐದನ್ನು ಹತ್ತು ವರ್ಷ ಮಾಡಲು ಅಲ್ಲಿನ ಸಂಸತ್ತು ಮತ ಹಾಕಿತು. ಆಟದ ಮಧ್ಯೆ ನಿಯಮ ಬದಲಾಗುವುದು ಅಂದರೆ ಇದೇ ನೋಡಿ.

ದುಬೈ? ನಮ್ಮವರು ಬಹಳ ಮಂದಿ ಅಲ್ಲೇ ಇದ್ದಾರೆ.

ದುಬೈ ಗೋಲ್ಡನ್ ವೀಸಾ ಹತ್ತು ವರ್ಷದ ವಾಸದ ಪರವಾನಗಿ. 20 ಲಕ್ಷ ದಿರ್ಹಮ್ ಆಸ್ತಿ ಇದ್ದರೆ ಸಿಗುತ್ತದೆ, ನವೀಕರಿಸುತ್ತಾ ಇರಬಹುದು. ಎಷ್ಟು ಸಲ ನವೀಕರಿಸಿದರೂ ಅದರಿಂದ ಪೌರತ್ವ ಬರುವುದಿಲ್ಲ. 2021ರಿಂದ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳಿಗೆ ಪೌರತ್ವ ಕೊಡಲು ಅವಕಾಶ ಮಾಡಿದ್ದಾರೆ ನಿಜ. ಆದರೆ ಅದಕ್ಕೆ ಅರಸೊತ್ತಿಗೆಯವರೋ ಸರ್ಕಾರವೋ ನಿಮ್ಮ ಹೆಸರು ಸೂಚಿಸಬೇಕು. ನೀವಾಗಿ ಅರ್ಜಿ ಹಾಕುವ ಕಿಟಕಿ ಇಲ್ಲ. 2025ರ ಜುಲೈನಲ್ಲಿ '23 ಲಕ್ಷಕ್ಕೆ ಜೀವಮಾನದ ದುಬೈ ವೀಸಾ' ಅಂತ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತಲ್ಲ, ಅದನ್ನು ಅಲ್ಲಿನ ಸರ್ಕಾರವೇ ಸುಳ್ಳು ಎಂದಿತು. ಸೌದಿಯ 8 ಲಕ್ಷ ರಿಯಾಲಿನ ಪ್ರೀಮಿಯಂ ಇಕಾಮಾ (ವಾಸದ ಪರವಾನಗಿ) ಕೂಡ ವಾಸಕ್ಕೆ ಮಾತ್ರ.

ಪೌರತ್ವಕ್ಕೆ ಪರೀಕ್ಷೆ ಇರುತ್ತದಂತೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ಇರುತ್ತದೆ, ಹೆದರುವಂಥದ್ದಲ್ಲ. ಅಮೆರಿಕದಲ್ಲಿ 2025ರ ಅಕ್ಟೋಬರ್ 20ರ ನಂತರ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿ ಇರಬೇಕು. ಪಟ್ಟಿ ಮೊದಲೇ ಸಿಗುತ್ತದೆ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದುವುದು, ಒಂದು ಬರೆಯುವುದು. ಕೆನಡಾದಲ್ಲಿ 20ಕ್ಕೆ 15. ಅಲ್ಲಿ 55 ದಾಟಿದವರಿಗೆ ಪರೀಕ್ಷೆ ಇಲ್ಲ.

ಹೊರದೇಶದ ಪೌರನಾದ ಮೇಲೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಾ?

ಇಲ್ಲ. ನಮ್ಮ ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್, ಎರಡೂ ಅದನ್ನೇ ಹೇಳುತ್ತವೆ. ನೀವಾಗಿ ಇನ್ನೊಂದು ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಯಾರಿಗೂ ಹೇಳದೆ ಹಳೆಯ ಪಾಸ್‌ಪೋರ್ಟ್ ಬೀರುವಿನಲ್ಲಿ ಇಟ್ಟರೂ ಹೋಗಿಯೇ ಹೋಗಿರುತ್ತದೆ. ಅದರ ಮೇಲೆ ಪ್ರಯಾಣ ಮಾಡಿದರೆ ಅಪರಾಧ. ಒಪ್ಪಿಸಿ, ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. 2024ರಲ್ಲಿ 2,06,378 ಭಾರತೀಯರು ಪೌರತ್ವ ಬಿಟ್ಟರು ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿದೆ.

ಹಾಗಾಗಿ ನಾನು ಎಲ್ಲರಿಗೂ ಕೇಳುವುದು ಒಂದೇ: ನಿಮಗೆ ಬೇಕಿರುವುದು ಗ್ರೀನ್ ಕಾರ್ಡಾ, ಪೌರತ್ವವಾ? ಗ್ರೀನ್ ಕಾರ್ಡಿಗೆ ಇಲ್ಲಿನದ್ದೇನೂ ಬಿಡಬೇಕಾಗಿಲ್ಲ. ಅಲ್ಲೇ ನೆಲೆ ನಿಲ್ಲುವ ಮಕ್ಕಳಿಗೆ ಪೌರತ್ವ ಸರಿ. ಅರವತ್ತು ದಾಟಿದ ಸಾಹುಕಾರರಿಗೆ, ಹೊಲ-ಮಿಲ್ಲು ಇಲ್ಲೇ ಇರುವವರಿಗೆ, ಅವಸರ ಯಾಕೆ?

ಓಸಿಐ ಕಾರ್ಡ್ ಇದ್ದರೆ ಎರಡು ಪೌರತ್ವ ಇದ್ದ ಹಾಗೇ ಅಲ್ವಾ?

ಅಲ್ಲ. ಓಸಿಐ ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್. ಅದು ಜೀವನಪೂರ್ತಿ ಬಂದು ಹೋಗುವ ವೀಸಾ, ಜೊತೆಗೆ ಕೆಲವು ಅನುಕೂಲ. ಓಟು ಇಲ್ಲ, ಸರ್ಕಾರಿ ನೌಕರಿ ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಪಂಚಾಯಿತಿ ರಾಜಕೀಯದ ರುಚಿ ಹತ್ತಿದವರು ಇದನ್ನು ಎರಡು ಸಲ ಓದಿ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದದ್ದು 371ಜೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಆ ಪ್ರಮಾಣಪತ್ರದ ಮೇಲೆ ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೆ ಮೀಸಲು. ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿ ಮಗಳ ಎಂಬಿಬಿಎಸ್ ಕನಸು ಇಟ್ಟುಕೊಂಡು ಅವಳನ್ನು ಬೇರೆ ದೇಶದ ಪೌರಳನ್ನಾಗಿ ಮಾಡಿದರೆ ಆ ಸೀಟು ಇಲ್ಲ. 2021ರ ಮಾರ್ಚ್‌ನ ಅಧಿಸೂಚನೆ ಪ್ರಕಾರ ಓಸಿಐ ಮಕ್ಕಳು ಎನ್‌ಆರ್‌ಐ ಸೀಟಿಗೆ ಹೋಗಬೇಕು, ಭಾರತೀಯರಿಗೇ ಮೀಸಲಾದದ್ದಕ್ಕಲ್ಲ.

ನನ್ನ ಹೊಲದ ಗತಿ ಏನು?

ಈಗಾಗಲೇ ಇರುವ ಹೊಲ ನಿಮ್ಮದೇ, ಯಾರೂ ಕಿತ್ತುಕೊಳ್ಳುವುದಿಲ್ಲ. ಅಪ್ಪನಿಂದ ವಾರಸಾಗಿ ಬಂದರೂ ಇಟ್ಟುಕೊಳ್ಳಬಹುದು. ಓಸಿಐ ಆದ ಮೇಲೆ ಹೊಸದಾಗಿ ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಉಡುಗೊರೆಯಾಗಿಯೂ ಪಡೆಯುವಂತಿಲ್ಲ. ಕರ್ನಾಟಕದಲ್ಲಿ 2020ರಿಂದ ಯಾರು ಬೇಕಾದರೂ ಹೊಲ ಕೊಳ್ಳಬಹುದಲ್ಲ ಅಂತ ವಾದ ಮಾಡುತ್ತಾರೆ. ಅದು ರಾಜ್ಯದ ಕಾನೂನು, ಇದು ಕೇಂದ್ರದ ವಿದೇಶಿ ವಿನಿಮಯದ ನಿಯಮ. ಮಾರುವಾಗ ಇಲ್ಲೇ ವಾಸವಿರುವ ಭಾರತೀಯ ಪೌರರಿಗೇ ಮಾರಬೇಕು. ಮನೆ, ಅಂಗಡಿ, ಪ್ಲಾಟಿಗೆ ಈ ತಡೆ ಇಲ್ಲ. ಮಾರಿದ ಹಣವನ್ನು ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿ ಇರುವವರು ಇಲ್ಲಿನ ಆದಾಯಕ್ಕೆ ಇಡುವ ಬ್ಯಾಂಕ್ ಖಾತೆ) ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ಇಲ್ಲಿ ವಾಸವಿದ್ದಾಗಿನ ಮಿತಿಗಿಂತ ನಾಲ್ಕು ಪಟ್ಟು.

ತೆರಿಗೆ ಎರಡೂ ಕಡೆ ಕಟ್ಟಬೇಕಾ?

ಅಮೆರಿಕಕ್ಕೆ ಹೋದವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಗ್ರೀನ್ ಕಾರ್ಡ್ ಬಂದ ದಿನದಿಂದಲೇ ನಿಮ್ಮ ಇಡೀ ಜಗತ್ತಿನ ಆದಾಯ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲಿನ ಸೂಪರ್ ಮಾರ್ಕೆಟ್ ಬಜಾರಿನ ಅಂಗಡಿಯ ಬಾಡಿಗೆ, ಬ್ಯಾಂಕ್ ಬಡ್ಡಿ, ಇಲ್ಲಿ ತೆರಿಗೆಯೇ ಇಲ್ಲದ ತೊಗರಿ ಆದಾಯ, ಎಲ್ಲವೂ. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ವಜಾ ಮಾಡಿಕೊಳ್ಳಬಹುದು. ತೊಗರಿಗೆ ಇಲ್ಲಿ ಏನೂ ಕಟ್ಟಿಲ್ಲವಲ್ಲ, ಅದಕ್ಕೆ ವಜಾ ಸಿಗುವುದಿಲ್ಲ. ಇಲ್ಲಿನ ಎಲ್ಲ ಖಾತೆ ಸೇರಿ ವರ್ಷದಲ್ಲಿ ಒಮ್ಮೆಯಾದರೂ 10 ಸಾವಿರ ಡಾಲರ್ ದಾಟಿದರೆ ಪ್ರತ್ಯೇಕ ವರದಿ ಕೊಡಬೇಕು. ಇಲ್ಲಿನ ಮ್ಯೂಚುವಲ್ ಫಂಡ್‌ಗೆ ಅಲ್ಲಿನ ತೆರಿಗೆ ವಿಪರೀತ ಜಟಿಲ. ಹೋಗುವ ಮುನ್ನ ಮಾರಿಬಿಡಿ ಅಂತ ನಾನು ಹೇಳುತ್ತೇನೆ.

ಅಪ್ಪ-ಅವ್ವನನ್ನು ಕರೆದುಕೊಂಡು ಹೋಗಬಹುದಾ?

ಇಬಿ-5ರಲ್ಲಿ ಅವರು ಸೇರುವುದಿಲ್ಲ. ಆದರೆ ಮಗ ಅಥವಾ ಮಗಳು ಅಮೆರಿಕದ ಪೌರರಾಗಿ 21 ದಾಟಿದ್ದರೆ ಹೆತ್ತವರಿಗೆ ಪಾಳಿಯಿಲ್ಲದೆ ಗ್ರೀನ್ ಕಾರ್ಡ್ ಕೇಳಬಹುದು. ಹಿರಿಯರು ಹೋಗಿ ನಾಲ್ಕು ತಿಂಗಳಿಗೆ ಬೇಸರವಾಗಿ ವಾಪಸ್ ಬಂದದ್ದನ್ನೂ ಕಂಡಿದ್ದೇನೆ. ವರ್ಷದ ಬಹುಪಾಲು ಇಲ್ಲೇ ಇರುವವರಿಗೆ ಗ್ರೀನ್ ಕಾರ್ಡಿಗಿಂತ ಪ್ರವಾಸಿ ವೀಸಾ ಮೇಲು.

ಎಲ್ಲ ಬಿಟ್ಟು ಹೋದ ಮೇಲೆ ಮನಸ್ಸು ಬದಲಾದರೆ?

ದಾರಿ ಇದೆ. ಓಸಿಐ ಆಗಿ ಐದು ವರ್ಷ ಕಳೆದಿದ್ದು, ಅರ್ಜಿಗೆ ಮೊದಲಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಿದ್ದರೆ ಮತ್ತೆ ಭಾರತದ ಪೌರತ್ವ ಕೇಳಬಹುದು. ಆ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗಳ ಕಚೇರಿಗೆ. ಪಾಸಾದರೆ ಆಚೆಯ ದೇಶದ ಪೌರತ್ವ ಬಿಡಬೇಕು. ಕೋಟಿಗಟ್ಟಲೆ ಕೊಟ್ಟು ತಂದದ್ದನ್ನು.